ಹೆಣ ಕಾಣದ ಮನೆಯಲ್ಲಿ ಎಡೆ ಇಡಬಹುದಾ?

ವಾಯುಪಡೆಯ ಕಚೇರಿ ವಿಭಾಗದಲ್ಲಿ 28 ವರ್ಷ ಕೆಲಸ ಮಾಡಿ, ಈಗ ಮೈಸೂರಿನ ಕುವೆಂಪುನಗರದಲ್ಲಿರುವ ನಿವೃತ್ತ ವಾರಂಟ್ ಆಫೀಸರ್ ಒಬ್ಬರು ಸೈನಿಕರ ಮನೆಯವರ ಪ್ರಶ್ನೆಗಳಿಗೆ ಈ ಅಂಕಣದಲ್ಲಿ ಉತ್ತರಿಸುತ್ತಾರೆ.

ಪ್ರಶ್ನೆ: ನಮಸ್ಕಾರ ಸಾರ್. ನನಗೆ 66 ವರ್ಷ. ಪಾಂಡವಪುರ ತಾಲ್ಲೂಕಿನ ಹಳ್ಳಿಯವಳು. ನಮ್ಮಮ್ಮನ ತಾಯಿಗೆ ಒಬ್ಬ ಅಣ್ಣ ಇದ್ದರು. ಮೈಸೂರಿನಲ್ಲಿ ಓದುತ್ತಿದ್ದವರು 1942ರಲ್ಲಿ ಏರ್‌ಫೋರ್ಸ್ ಸೇರಿದರು. ವಿಮಾನದ ಹಿಂದಿನ ಸೀಟಿನಲ್ಲಿ ಕೂತು ಗನ್ ಹಿಡಿಯುವ ಕೆಲಸವಂತೆ. 1944ರಲ್ಲಿ ಬರ್ಮಾ ಕಡೆ ಹೋದ ವಿಮಾನ ವಾಪಸ್ ಬರಲಿಲ್ಲ. ಊರಿಗೆ ಟೆಲಿಗ್ರಾಂ ಬಂತು. ಅದರಲ್ಲಿ ‘ಮಿಸ್ಸಿಂಗ್’ ಅಂತ ಇತ್ತು. ಓದಿ ಹೇಳಿದವರು ‘ಕಳೆದುಹೋಗಿದ್ದಾನೆ’ ಅಂದರಂತೆ. ದಾರಿ ತಪ್ಪಿದ್ದಾನೆ, ಬಂದೇ ಬರ್ತಾನೆ ಅಂತ ಮನೆಯವರು ಕಾದರು. ಆರೇಳು ತಿಂಗಳಿಗೆ ಇನ್ನೊಂದು ಕಾಗದ ಬಂತು, ‘ಸತ್ತಿರುವುದಾಗಿ ಭಾವಿಸಲಾಗಿದೆ’ ಅಂತ. ಭಾವಿಸಿದ್ದಾರೆ ಅಷ್ಟೆ, ನೋಡಿಲ್ಲವಲ್ಲ ಅಂದರು ನಮ್ಮಜ್ಜಿ. ಆಮೇಲೆ ಒಂದು ತಗಡಿನ ಟ್ರಂಕು ಬಂತು. ಅದರಲ್ಲಿ ಕಂಬಳಿ, ಎರಡು ಶರಟು, ಕ್ಷೌರದ ಬ್ರಷ್ಷು, ಅರ್ಧ ಸವೆದ ಮೈಸೂರು ಸ್ಯಾಂಡಲ್ ಸೋಪು. ಆ ಸೋಪನ್ನು ಅಜ್ಜಿ ಸಾಯುವ ತನಕ ಇಟ್ಟುಕೊಂಡಿದ್ದರು. ಪಿತೃಪಕ್ಷದಲ್ಲಿ ಎಲ್ಲ ಹಿರಿಯರಿಗೂ ಎಡೆ ಇಡೋರು, ಅಣ್ಣನಿಗೆ ಮಾತ್ರ ಇಡಲು ಬಿಡಲಿಲ್ಲ. ಈಗ ಅಜ್ಜಿ ಇಲ್ಲ, ಅಮ್ಮನೂ ಇಲ್ಲ. ಹಿಮಾಚಲದ ಹಿಮದಲ್ಲಿ 56 ವರ್ಷದ ಮೇಲೆ ಸೈನಿಕರ ದೇಹ ಸಿಕ್ಕಿದ್ದನ್ನು ಟಿವಿಯಲ್ಲಿ ನೋಡಿದೆ. ನಮ್ಮವರದೂ ಸಿಗಬಹುದಾ? ಯಾರನ್ನು ಕೇಳಬೇಕು? ಸಿಗುವುದಿಲ್ಲ ಅಂದರೆ ಎಡೆ ಇಡಬಹುದಾ? ಹೆಣ ಕಾಣದವರಿಗೆ ಇಡಬಾರದು ಅಂತ ತವರಿನಲ್ಲಿ ಕೆಲವರು ಹೇಳುತ್ತಾರೆ. ಟೆಲಿಗ್ರಾಂನ ಜೆರಾಕ್ಸ್ ಇಟ್ಟಿದ್ದೇನೆ.

ಉತ್ತರ: ಅಮ್ಮ, ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಅಜ್ಜಿಯ ಅಣ್ಣನ ಹೆಸರು ಕಲ್ಲಿನ ಮೇಲೆ ಇದೆ. ಸಿಂಗಪುರದ ಕ್ರಾಂಜಿ ಎಂಬಲ್ಲಿ.

ನೀವು ಕಳಿಸಿದ ಜೆರಾಕ್ಸ್‌ನಲ್ಲಿ ಸರ್ವಿಸ್ ನಂಬರ್ ಇತ್ತು. ಅದನ್ನು ಹಿಡಿದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ದಾಖಲೆಯಲ್ಲಿ ಹುಡುಕಿದೆ. ಹೆಸರು, ನಂಬರು, ತೀರಿಕೊಂಡ ತಾರೀಖು, ಅಪ್ಪನ ಹೆಸರು, ‘ಮೈಸೂರು, ಇಂಡಿಯಾ’ ಎಂಬ ಎರಡು ಪದ, ಮತ್ತು ಎಷ್ಟನೇ ಕಂಬದ ಮೇಲೆ ಕೆತ್ತಿದ್ದಾರೆ ಎಂಬುದು. ಎಲ್ಲವನ್ನೂ ಬರೆದು ನಿಮಗೆ ಬೇರೆ ಅಂಚೆಯಲ್ಲಿ ಕಳಿಸಿದ್ದೇನೆ. ಆ ಪುಟ ತೆರೆದಾಗ ರಾತ್ರಿ ಹತ್ತೂವರೆ. ನನ್ನ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಎಷ್ಟೋ ವರ್ಷದಿಂದ ಆ ಹೆಸರು ಒಂದು ಕಡೆ ಭದ್ರವಾಗಿದೆ, ಮನೆಯವರಿಗೆ ಗೊತ್ತಿಲ್ಲ. ನನಗೆ ನಿದ್ದೆ ಬರಲಿಲ್ಲ.

ಈ ಕಮಿಷನ್ ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, 1917ರಲ್ಲಿ ಶುರುವಾಯಿತು. ಆಗ ಅದರ ಹೆಸರಿನಲ್ಲಿ ‘ಇಂಪೀರಿಯಲ್’ ಇತ್ತು, 1960ರಲ್ಲಿ ‘ಕಾಮನ್‌ವೆಲ್ತ್’ ಆಯಿತು. ಎರಡೂ ಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಲೆಕ್ಕ ಅವರ ಹತ್ತಿರ ಇದೆ. ಸಮಾಧಿ ಇರುವವರಿಗೆ ಒಂದೇ ಅಳತೆಯ ಕಲ್ಲು. ದೇಹ ಸಿಕ್ಕಿ ಹೆಸರು ತಿಳಿಯದವರ ಕಲ್ಲಿನ ಮೇಲೆ ‘ದೇವರಿಗೆ ಗೊತ್ತು’ ಎಂಬ ಅರ್ಥದ ಮಾತು. ದೇಹವೇ ಸಿಗದವರಿಗೆ ದೊಡ್ಡ ಸ್ಮಾರಕದ ಮೇಲೆ ಹೆಸರು. ಕ್ರಾಂಜಿಯಲ್ಲಿ ಹಾಗೆ 24,000ಕ್ಕೂ ಜಾಸ್ತಿ ಹೆಸರುಗಳಿವೆ. ಸ್ಮಾರಕದ ಚಾವಣಿ ವಿಮಾನದ ರೆಕ್ಕೆಯ ಹಾಗಿದೆ.

ಬರ್ಮಾದಲ್ಲಿ ಸತ್ತವರ ಹೆಸರು ಸಿಂಗಪುರದಲ್ಲಿ ಯಾಕೆ ಅಂತ ನೀವು ಕೇಳಬಹುದು. ಎಷ್ಟೋ ಮನೆಯವರು ಇಲ್ಲೇ ದಾರಿ ತಪ್ಪುತ್ತಾರೆ. ಬರ್ಮಾದಲ್ಲಿ ಸತ್ತು ಸಮಾಧಿ ಇಲ್ಲದ ಭೂಸೇನೆಯವರ ಹೆಸರು ಯಾಂಗೊನ್ ಹತ್ತಿರದ ಟೌಕ್ಯಾನ್‌ನಲ್ಲಿವೆ, ಹತ್ತಿರ ಹತ್ತಿರ 27,000. ಆದರೆ ಈ ಭಾಗದ ಆಕಾಶದಲ್ಲಿ, ಸಮುದ್ರದ ಮೇಲೆ ಕಾಣೆಯಾದ ವಾಯುಪಡೆಯವರನ್ನೆಲ್ಲ ಸಿಂಗಪುರದ ಸ್ಮಾರಕಕ್ಕೆ ಸೇರಿಸಿದರು. ಬರ್ಮಾದ ಪಟ್ಟಿಯಲ್ಲಿ ಹುಡುಕಿ ಸಿಗಲಿಲ್ಲ ಅಂತ ಕೈ ಚೆಲ್ಲಿದವರು ಇದ್ದರೆ ಇನ್ನೊಮ್ಮೆ ನೋಡಿ. ನಮ್ಮ ಹೆಸರುಗಳನ್ನು ಅಂದಿನ ಗುಮಾಸ್ತರು ಕಿವಿಗೆ ಕೇಳಿದ ಹಾಗೆ ಬರೆದಿದ್ದಾರೆ. ‘ಗೌಡ’ ನಾಲ್ಕು ತರಹ, ‘ಸ್ವಾಮಿ’ ಮೂರು ತರಹ. ನಂಬರ್ ಇದ್ದರೆ ಕಷ್ಟವಿಲ್ಲ, ಇಲ್ಲದಿದ್ದರೆ ತಾಳ್ಮೆ ಬೇಕು.

ಈಗ ನಿಮ್ಮ ಎದೆಯಲ್ಲಿ ಕೂತಿರುವ ಪ್ರಶ್ನೆಗೆ ಬರುತ್ತೇನೆ. ಮೂಳೆ ಸಿಗಬಹುದಾ?

ಹಿಮಾಚಲದ್ದು ಬೇರೆ ಕತೆ ಅಮ್ಮ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ಆಂಟೊನೊವ್-12 ವಿಮಾನ ರೋಹ್ತಾಂಗ್ ಕಡೆಯ ಬೆಟ್ಟದಲ್ಲಿ ಮಾಯವಾಯಿತು. ನೂರಕ್ಕೂ ಹೆಚ್ಚು ಜನ ಇದ್ದರು. 35 ವರ್ಷ ಏನೂ ಗೊತ್ತಾಗಲಿಲ್ಲ. 2003ರಲ್ಲಿ ಪರ್ವತಾರೋಹಿಗಳಿಗೆ ಹಿಮನದಿಯಲ್ಲಿ ಅವಶೇಷ ಕಂಡಿತು. ಆಮೇಲೆ ಸೇನೆಯವರು ಮತ್ತೆ ಮತ್ತೆ ಹತ್ತಿದರು. 2024ರ ಸೆಪ್ಟೆಂಬರ್ ಕೊನೆಯಲ್ಲಿ ನಾಲ್ಕು ದೇಹ ಸಿಕ್ಕವು. ಜೇಬಿನಲ್ಲಿದ್ದ ಕಾಗದಪತ್ರ ಗುರುತಿಗೆ ನೆರವಾಯಿತು. ಅವರಲ್ಲಿ ಒಬ್ಬ ಪಕ್ಕದ ಕೇರಳದ ಹುಡುಗ. ಹಿಮ ಕಾಪಾಡುತ್ತದೆ, ಜೇಬಿನ ಕಾಗದವನ್ನೂ ಬಿಡದೆ ಕಾಪಾಡುತ್ತದೆ.

ಬರ್ಮಾದ ಕಾಡು ಹಾಗಲ್ಲ. ವರ್ಷಕ್ಕೆ ಐದು ತಿಂಗಳು ಮಳೆ. ಬಿದಿರು ಒಂದೇ ಮಳೆಗಾಲದಲ್ಲಿ ಗುಂಡಿಯನ್ನು ಮುಚ್ಚಿಬಿಡುತ್ತದೆ. ಅಲ್ಲಿನ ಹುಳಿಮಣ್ಣು ಮೂಳೆಯನ್ನೂ ತಿನ್ನುತ್ತದೆ. ಬಾಂಬು ಹೊತ್ತ ವಿಮಾನ ಬಿದ್ದರೆ ಉಳಿಯುವುದೇ ಕಮ್ಮಿ. ನಿಮ್ಮವರು ಕಾಣೆಯಾದ ವರ್ಷ ಭಾರತೀಯ ಸ್ಕ್ವಾಡ್ರನ್‌ಗಳು ಆ ಗಡಿಯಲ್ಲಿ ವೆಂಜೆನ್ಸ್ ಎಂಬ ಡೈವ್ ಬಾಂಬರ್ ಹಾರಿಸುತ್ತಿದ್ದವು. ಅದರಲ್ಲಿ ಇಬ್ಬರೇ. ಮುಂದೆ ಪೈಲಟ್, ಹಿಂದೆ ನಿಮ್ಮವರ ಹಾಗೆ ಗನ್ ಹಿಡಿದವರು. ವಿಮಾನ ನೆಟ್ಟಗೆ ನೆಲದ ಕಡೆ ಇಳಿದು ಬಾಂಬು ಬಿಟ್ಟು ಮೇಲೇಳಬೇಕು. ಹಿಂದಿನವರಿಗೆ ನೆಲ ಕಾಣುವುದಿಲ್ಲ, ಆಕಾಶ ಕಾಣುತ್ತದೆ. ಇಪ್ಪತ್ತು, ಇಪ್ಪತ್ತೆರಡು ವರ್ಷದ ಮಕ್ಕಳು ಅವರು.

ಅವರನ್ನು ಸುಮ್ನೆ ಬಿಟ್ಟುಬಿಟ್ಟರು ಅಂತ ಮಾತ್ರ ತಿಳಿಯಬೇಡಿ. ಯುದ್ಧ ಮುಗಿಯುವಾಗ ಬ್ರಿಟಿಷ್ ವಾಯುಪಡೆಗೆ ಜಗತ್ತಿನಾದ್ಯಂತ ಸುಮಾರು 42,000 ಜನರ ಪತ್ತೆ ಇರಲಿಲ್ಲ. ಅವರನ್ನು ಹುಡುಕುವುದಕ್ಕೇ ಒಂದು ವಿಭಾಗ ಮಾಡಿದರು. ಸಣ್ಣ ಸಣ್ಣ ತಂಡಗಳು ಜೀಪು ಹಿಡಿದು ಹಳ್ಳಿ ಹಳ್ಳಿ ಸುತ್ತಿದವು. ಪಾದ್ರಿಯನ್ನು ಕೇಳಿದರು, ಊರಿನ ಪಟೇಲನಂಥವರನ್ನು ಕೇಳಿದರು, ದನ ಮೇಯಿಸುವವರನ್ನು ಕೇಳಿದರು. ಎಂಜಿನ್ನಿನ ನಂಬರ್, ಗನ್ನಿನ ನಂಬರ್, ಶರಟಿನ ಮೇಲೆ ಅಗಸರು ಹಾಕಿದ ಗುರುತು, ಉಂಗುರ, ಹಲ್ಲು, ಎಲ್ಲವನ್ನೂ ಕೂಡಿಸಿ ಹೆಸರು ಕಂಡುಹಿಡಿದರು. ಒಬ್ಬೊಬ್ಬರನ್ನೂ ಬೇರೆ ಮಾಡಲಾಗದಿದ್ದರೆ ಇಡೀ ತಂಡವನ್ನು ಒಂದೇ ಸಮಾಧಿಯಲ್ಲಿ ಇಟ್ಟು, ಎಲ್ಲರ ಹೆಸರು ಹಾಕಿದರು. ಅರ್ಧಕ್ಕಿಂತ ಜಾಸ್ತಿ ಜನ ಹೀಗೆ ಸಿಕ್ಕರು. ಸಿಗದೆ ಉಳಿದವರಲ್ಲಿ ನಿಮ್ಮವರು ಒಬ್ಬರು.

ಅವರ ಕೊರಳಿನಲ್ಲಿ ಎರಡು ಬಿಲ್ಲೆ ಇರುತ್ತಿದ್ದವು. ಒಂದು ಕೆಂಪು, ಗುಂಡಗೆ. ಇನ್ನೊಂದು ಹಸಿರು, ಎಂಟು ಮೂಲೆ. ಕೆಂಪನ್ನು ದಾಖಲೆಗೆ ಬಿಚ್ಚಿಕೊಳ್ಳಬೇಕು, ಹಸಿರನ್ನು ದೇಹದ ಜೊತೆ ಬಿಡಬೇಕು. ಆದರೆ ಅವು ಗಟ್ಟಿ ರಟ್ಟಿನಂಥ ನಾರಿನವು. ಬೆಂಕಿಗೆ ಉಳಿಯುವುದಿಲ್ಲ, ನೀರಿನಲ್ಲಿ ಕೊಳೆಯುತ್ತವೆ. ಅಮೆರಿಕದವರದು ಲೋಹದ ಬಿಲ್ಲೆ. ಇಷ್ಟು ಸಣ್ಣ ವ್ಯತ್ಯಾಸದಿಂದ ಎಷ್ಟು ಮನೆಗಳಿಗೆ ಉತ್ತರ ಸಿಗದೆ ಹೋಯಿತೋ ಅಂತ ನನಗೆ ಸಂಕಟವಾಗುತ್ತದೆ.

ಇವತ್ತಿನ ಸ್ಥಿತಿ ಹೀಗಿದೆ. ಆ ಯುದ್ಧದ ತಮ್ಮ ಸೈನಿಕರನ್ನು ಅಮೆರಿಕ ಇವತ್ತಿಗೂ ಹುಡುಕಿಕೊಂಡು ಹೋಗುತ್ತದೆ. ಅದಕ್ಕೇ ಒಂದು ಸಂಸ್ಥೆ, ಹವಾಯಿಯಲ್ಲಿ ದೊಡ್ಡ ಲ್ಯಾಬು. ಬ್ರಿಟನ್ ಹುಡುಕಿಕೊಂಡು ಹೋಗುವುದಿಲ್ಲ. ರಸ್ತೆ ಅಗೆಯುವಾಗಲೋ ಹೊಲ ಉಳುವಾಗಲೋ ಸಿಕ್ಕರೆ ಗುರುತು ಹಿಡಿದು, ಮನೆಯವರನ್ನು ಪತ್ತೆ ಮಾಡಿ, ಸೇನಾ ಗೌರವದಿಂದ ಮಣ್ಣು ಮಾಡುತ್ತದೆ. ಅದೂ ಸಿಕ್ಕ ದೇಶದಲ್ಲೇ. ದೇಹವನ್ನು ಊರಿಗೆ ಕಳಿಸಬಾರದು ಎಂಬುದು ಮೊದಲ ಯುದ್ಧದ ಕಾಲದ ತೀರ್ಮಾನ. ಕಳಿಸಲು ಬಿಟ್ಟರೆ ದುಡ್ಡಿದ್ದವರ ಮಗ ಮಾತ್ರ ಊರು ಸೇರುತ್ತಾನೆ, ಬಡವನ ಮಗ ಅಲ್ಲೇ ಉಳಿಯುತ್ತಾನೆ ಅಂತ. ಮನಸ್ಸಿಗೆ ಕಷ್ಟವಾದರೂ ಆ ಮಾತು ನ್ಯಾಯವಾದದ್ದು ಅಂತ ನಾನು ಒಪ್ಪುತ್ತೇನೆ. ಲಾರ್ಡ್ ಮಗನ ಕಲ್ಲೂ ಸಿಪಾಯಿ ಮಗನ ಕಲ್ಲೂ ಒಂದೇ ಎತ್ತರ, ಅಲ್ವಾ?

ಹಾಗಾಗಿ ನಿಮ್ಮವರ ಮೂಳೆ ಬರುತ್ತದೆ ಅಂತ ನಾನು ಆಸೆ ಹುಟ್ಟಿಸಲಾರೆ. ಆದರೆ ಒಂದು ಕೆಲಸ ಮಾಡಿಡಿ. ವಂಶದ ಒಂದು ಪಟ್ಟಿ ಬರೆದಿಡಿ. ಯಾಕೆ ಅಂದರೆ, ಮುಂದೊಂದು ದಿನ ಅಲ್ಲಿ ಏನಾದರೂ ಸಿಕ್ಕರೆ ಗುರುತಿಗೆ ಬೇಕಾದದ್ದು ನಿಮ್ಮ ಮೈಯಲ್ಲಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆಯ ಮೂಳೆಯಲ್ಲಿ ಜಾಸ್ತಿ ಕಾಲ ಉಳಿಯುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಎಂಬುದರ ಡಿಎನ್‌ಎ. ಅದು ತಾಯಿಯಿಂದ ಮಾತ್ರ ಬರುತ್ತದೆ. ತಾಯಿ ಗಂಡುಮಕ್ಕಳಿಗೂ ಕೊಡುತ್ತಾಳೆ, ಹೆಣ್ಣುಮಕ್ಕಳಿಗೂ ಕೊಡುತ್ತಾಳೆ. ಮುಂದಕ್ಕೆ ದಾಟಿಸುವವರು ಹೆಣ್ಣುಮಕ್ಕಳು ಮಾತ್ರ. ನಿಮ್ಮ ಅಜ್ಜಿಗೂ ಅವರ ಅಣ್ಣನಿಗೂ ಒಬ್ಬಳೇ ತಾಯಿ. ಅಜ್ಜಿಯಿಂದ ಅದು ನಿಮ್ಮಮ್ಮನಿಗೆ ಬಂತು, ಅಮ್ಮನಿಂದ ನಿಮಗೆ, ನಿಮ್ಮಿಂದ ನಿಮ್ಮ ಮಗಳಿಗೆ, ಅವಳಿಂದ ಅವಳ ಮಕ್ಕಳಿಗೆ. ಅವರ ಹೆಸರು ಹೇಳುವ ಅಜ್ಜಿಯ ತವರಿನ ಗಂಡುಮಕ್ಕಳಲ್ಲಿ ಇದು ಇಲ್ಲ. ಅವರ ತಮ್ಮನ ಮಗನ ಮಗ ಇದ್ದರೆ ಗಂಡುಸಾಲಿನ ಇನ್ನೊಂದು ಪರೀಕ್ಷೆಗೆ ಆತ ಆಗುತ್ತಾನೆ. ಎರಡೂ ಸಾಲನ್ನು ಬರೆದಿಡಿ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಹೆಸರನ್ನು ನಮ್ಮ ಕಡೆ ವಂಶವೃಕ್ಷದಲ್ಲಿ ಬರೆಯುವುದಿಲ್ಲ. ಈ ವಿಷಯದಲ್ಲಿ ಬರೆಯಲೇಬೇಕು.

ಕಾಗದಪತ್ರ ಬೇಕಿದ್ದರೆ ಮೊದಲು ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ. ವಾಯುಪಡೆಯ ರೆಕಾರ್ಡ್ ಆಫೀಸು ದೆಹಲಿಯ ಸುಬ್ರತೋ ಪಾರ್ಕಿನಲ್ಲಿದೆ. ಅರ್ಜಿಯಲ್ಲಿ ಕತೆ ಬೇಡ. ನಂಬರ್, ಹೆಸರು, ಸೇರಿದ ವರ್ಷ, ಕಾಣೆಯಾದ ತಾರೀಖು, ನಿಮಗೆ ಏನಾಗಬೇಕು, ಅಷ್ಟು ಸಾಕು.

ಇನ್ನು ಆ ಟ್ರಂಕಿನ ವಿಷಯ. ನಿಮ್ಮ ಪತ್ರದಲ್ಲಿ ಸೋಪಿನ ಸಾಲು ಓದಿ ನಾನು ಸ್ವಲ್ಪ ಹೊತ್ತು ಕನ್ನಡಕ ತೆಗೆದಿಟ್ಟೆ. ಸೈನಿಕ ಸತ್ತರೆ ಅಥವಾ ಕಾಣೆಯಾದರೆ ಅವರ ಸಾಮಾನು ಪಟ್ಟಿ ಮಾಡಲು ಒಂದು ಸಮಿತಿ ಕೂರುತ್ತದೆ. ಕಮಿಟಿ ಆಫ್ ಅಡ್ಜಸ್ಟ್‌ಮೆಂಟ್ ಅಂತ ಅದಕ್ಕೆ. 1981ರಲ್ಲಿ ನಾನು ಕಾರ್ಪೊರಲ್. ಉತ್ತರದ ಒಂದು ಠಾಣೆಯಲ್ಲಿ ಒಬ್ಬ ಹುಡುಗ ಪೈಲಟ್ ಹಾರಾಟಕ್ಕೆ ಹೋದವನು ಬರಲಿಲ್ಲ. ಆತನ ಕೋಣೆ ತೆರೆದು ಪಟ್ಟಿ ಬರೆಯುವ ಕೆಲಸ ನನಗೆ ಬಂತು. ಅಧಿಕಾರಿ ಒಂದೊಂದೇ ಎತ್ತಿ ಹೇಳೋರು, ನಾನು ಬರೆಯೋನು. ಶರಟು 6. ಟವೆಲ್ಲು 2. ಚಪ್ಪಲಿ 1 ಜೊತೆ. ಮೇಜಿನ ಮೇಲೆ ಇನ್‌ಲ್ಯಾಂಡ್ ಲೆಟರ್ ಒಂದಿತ್ತು, ಅರ್ಧ ಬರೆದದ್ದು. ಇದನ್ನೂ ಬರೀಬೇಕಾ ಸಾರ್ ಅಂದೆ. ‘ಬರಿ. ಅದು ಅವರಮ್ಮನದು’ ಅಂದರು. ಯಾರೂ ಓದಲಿಲ್ಲ, ಮಡಚಿ ಪಟ್ಟಿಯ ಜೊತೆ ಇಟ್ಟೆವು.

1944ರಲ್ಲೂ ನನ್ನಂಥ ಒಬ್ಬ ಗುಮಾಸ್ತ ಕೂತು ‘ಸೋಪು, ಬಳಸಿದ್ದು, 1’ ಅಂತ ಬರೆದಿರುತ್ತಾನೆ. ಬಿಸಾಡಬಹುದಿತ್ತು. ಅರ್ಧ ಸವೆದ ಸೋಪನ್ನು ಯಾರು ಕೇಳುತ್ತಿದ್ದರು? ಬಿಸಾಡಲಿಲ್ಲ.

‘ಮಿಸ್ಸಿಂಗ್’ ಎಂಬುದೂ ಅಂಥದೇ ಒಂದು ಲೆಕ್ಕದ ಪದ ಅಮ್ಮ. ಬಂದಿಲ್ಲ, ದೇಹ ಸಿಕ್ಕಿಲ್ಲ, ಸೆರೆಸಿಕ್ಕ ಸುದ್ದಿಯೂ ಇಲ್ಲ ಅಂತ. ಆಗ ಸಾಮಾನ್ಯವಾಗಿ ಆರು ತಿಂಗಳು ಕಾದು, ರೆಡ್‌ಕ್ರಾಸ್ ಕಡೆಯಿಂದಲೂ ಸುದ್ದಿ ಬಾರದಿದ್ದರೆ ‘ಸತ್ತಿರುವುದಾಗಿ ಭಾವಿಸಲಾಗಿದೆ’ ಎಂದು ಬರೆಯುತ್ತಿದ್ದರು. ಸಂಬಳ, ಪಿಂಚಣಿ, ಆಸ್ತಿಯ ಲೆಕ್ಕಕ್ಕೆ ಅದು ಬೇಕಿತ್ತು. ಅದನ್ನು ಯಾರೂ ನಿಮ್ಮ ಅಜ್ಜಿಗೆ ಬಿಡಿಸಿ ಹೇಳಲಿಲ್ಲ. ‘ಕಳೆದುಹೋಗಿದ್ದಾನೆ’ ಅಂದರೆ ಅಕ್ಕತಂಗಿಯರು ಕಾಯದೆ ಏನು ಮಾಡುತ್ತಾರೆ? ಅವರು ತಪ್ಪು ಮಾಡಲಿಲ್ಲ.

ಎಡೆ ಇಡಿ. ನನ್ನನ್ನು ಕೇಳಿದ್ದೀರಿ, ನಾನು ಪುರೋಹಿತನಲ್ಲ, ಆದರೂ ಇಡಿ ಅಂತಲೇ ಹೇಳುತ್ತೇನೆ. ದೇಹ ಸಿಗದವರಿಗೆ ದರ್ಭೆಯಲ್ಲಿ ರೂಪ ಮಾಡಿ ಸಂಸ್ಕಾರ ಮಾಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಇದೆ. ಹೆಣ ಕಾಣದವರಿಗೆ ಏನೂ ಮಾಡಬಾರದು ಎಂದಿದ್ದರೆ ಆ ಪದ್ಧತಿ ಯಾಕೆ ಇರುತ್ತಿತ್ತು? ತವರಿನವರಿಗೆ ಅನುಮಾನ ಉಳಿದರೆ ಒಂದು ಬೆಳಗ್ಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿ ಅಲ್ಲಿನವರನ್ನು ಕೇಳಿ. ತಾರೀಖು ಗೊತ್ತಿಲ್ಲವಲ್ಲ ಎಂಬ ಮಾತೂ ಇನ್ನು ಬೇಡ. ದಾಖಲೆಯಲ್ಲಿ ತಾರೀಖಿದೆ. ಮಹಾಲಯ ಅಮಾವಾಸ್ಯೆಗೆ ಹೊಸ ಪಂಚೆ, ಶರಟು ಇಡಿ. ಅವರಿಗೆ ಏನು ಇಷ್ಟ ಅಂತ ಅಜ್ಜಿ ಯಾವತ್ತಾದರೂ ಹೇಳಿದ್ದರೆ ಅದನ್ನೇ ಮಾಡಿ. ನಮ್ಮ ಮಂಡ್ಯದ ಕಡೆಯ ಎಷ್ಟೋ ಮಕ್ಕಳು ಈಗ ಸಿಂಗಪುರದಲ್ಲಿದ್ದಾರೆ. ಯಾರಾದರೂ ಕ್ರಾಂಜಿಗೆ ಹೋಗಿ ಆ ಕಂಬದ ಫೋಟೊ ತೆಗೆದು ಕಳಿಸಬಲ್ಲಿರಾದರೆ ಪತ್ರಿಕೆಗೆ ಬರೆಯಿರಿ, ಕಂಬದ ನಂಬರ್ ನಾನು ಕೊಡುತ್ತೇನೆ. ಎಡೆಯ ಮುಂದೆ ಇಡಲು ಈ ಮನೆಯಲ್ಲಿ ಅವರ ಫೋಟೊ ಕೂಡ ಇಲ್ಲವಂತೆ.

ಪ್ರಶ್ನೆ: ಕಾಣೆಯಾದವರ ಬಗ್ಗೆ ಸರ್ಕಾರ ಒಮ್ಮೆ ಬರೆದದ್ದು ಮುಂದೆ ಬದಲಾಗುತ್ತದೆಯೇ? (ನಂಜನಗೂಡಿನ ಓದುಗರು)

ಉತ್ತರ: ಆಗುತ್ತದೆ. ನಮ್ಮ ಪಕ್ಕದ ಕೊಡಗಿನವರನ್ನೇ ನೋಡಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದರು, ಬರಲಿಲ್ಲ. ಏನಾಯಿತು ಎಂದು ಈ ಕಡೆ ಯಾರೂ ನೋಡಿರಲಿಲ್ಲ. ಕಡತದಲ್ಲಿ ‘ಮಿಸ್ಸಿಂಗ್’. ಎಷ್ಟೋ ವರ್ಷದ ಮೇಲೆ ಆ ಕಡೆಯ ವಿವರ ಹೊರಗೆ ಬಂತು. ತಮ್ಮನ್ನು ಅಟ್ಟಿಸಿಕೊಂಡು ಬಂದ ಸ್ಟಾರ್‌ಫೈಟರನ್ನು, ತಮ್ಮದಕ್ಕಿಂತ ಎಷ್ಟೋ ವೇಗದ ವಿಮಾನವನ್ನು, ಅವರು ಹೊಡೆದುರುಳಿಸಿದ್ದರು. ಬಿದ್ದ ಜಾಗದಲ್ಲಿ ಹಳ್ಳಿಯವರು ಅವರನ್ನು ಮಣ್ಣು ಮಾಡಿದ್ದರು. 1988ರಲ್ಲಿ, 23 ವರ್ಷದ ಮೇಲೆ, ಮಹಾವೀರ ಚಕ್ರ ಬಂತು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ. ಬಸ್ಸು ಅಲ್ಲಿ ತಿರುಗುವಾಗ ನಾನು ಪ್ರತಿ ಸಲ ಕೈ ಮುಗಿಯುತ್ತೇನೆ.

2016ರ ಜುಲೈ 22ರಂದು ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾದ ಆಂಟೊನೊವ್-32ರ ವಿಷಯವೂ ಹಾಗೆಯೇ. 29 ಜನ. ಎಲ್ಲಿ ಬಿತ್ತು ಎಂದು ಏಳೂವರೆ ವರ್ಷ ತಿಳಿಯಲಿಲ್ಲ. 2024ರ ಜನವರಿಯಲ್ಲಿ, ಚೆನ್ನೈ ತೀರದಿಂದ ಸುಮಾರು 310 ಕಿಲೋಮೀಟರ್ ದೂರದಲ್ಲಿ, 3,400 ಮೀಟರ್ ಆಳದಲ್ಲಿ ಅವಶೇಷದ ಚಿತ್ರ ಸಿಕ್ಕಿತು. ಅದಕ್ಕೇ ಹೇಳುವುದು, ಹಳೆಯ ಕಾಗದವನ್ನು ಯಾರೂ ಒಲೆಗೆ ಹಾಕಬೇಡಿ.

ಪ್ರಶ್ನೆ: ಬ್ರಿಟಿಷ್ ವಾಯುಪಡೆಯಲ್ಲಿ ‘ಮೈಸೂರು ಸ್ಕ್ವಾಡ್ರನ್’ ಇತ್ತೆಂದು ತಾತ ಹೇಳುತ್ತಾರೆ. ನಿಜವೇ? (ಮೈಸೂರಿನ ಕಾಲೇಜು ವಿದ್ಯಾರ್ಥಿ)

ಉತ್ತರ: ನಿಜ. 129ನೇ ಸ್ಕ್ವಾಡ್ರನ್, 1941ರಲ್ಲಿ ಶುರುವಾಯಿತು. ಮೈಸೂರು ಸಂಸ್ಥಾನ ವಿಮಾನಗಳಿಗೆ ಹಣ ಕೊಟ್ಟಿದ್ದಕ್ಕೆ ಆ ಹೆಸರು. ಲಾಂಛನ ನಮ್ಮ ಗಂಡಭೇರುಂಡ. ಸ್ಪಿಟ್‌ಫೈರ್ ಹಾರಿಸಿದರು, 1942ರಲ್ಲಿ ಫ್ರಾನ್ಸಿನ ಡಿಯೆಪ್ ದಾಳಿಯಲ್ಲೂ ಇದ್ದರು. ಆ ಆಕಾಶದಲ್ಲಿ ಕಾಣೆಯಾದವರ ಸ್ಮಾರಕ ಲಂಡನ್ ಹತ್ತಿರದ ರನ್ನಿಮೀಡ್‌ನಲ್ಲಿದೆ. 20,000ಕ್ಕೂ ಹೆಚ್ಚು ಹೆಸರು, 1953ರಲ್ಲಿ ಎಲಿಜಬೆತ್ ರಾಣಿ ಉದ್ಘಾಟಿಸಿದ್ದು. ನಿಮ್ಮ ತಾತ ಹೇಳುವುದನ್ನೆಲ್ಲ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಮಗ ಅರುಣಾಚಲಕ್ಕೆ ಟ್ರೆಕ್ಕಿಂಗ್ ಹೋದವನು ಹಳೆಯ ಯುದ್ಧವಿಮಾನದ ಒಂದು ತುಂಡು ತಂದಿದ್ದಾನೆ. ಮೇಲೆ ನಂಬರ್ ಇದೆ. ಷೋಕೇಸಿನಲ್ಲಿ ಇಡಬಹುದೇ? (ಮಂಡ್ಯದ ಓದುಗರು)

ಉತ್ತರ: ದಯವಿಟ್ಟು ಬೇಡ. ಅದು ಯಾರದೋ ಸಮಾಧಿಯ ಕಲ್ಲು ಆಗಿರಬಹುದು.

1942ರಿಂದ 1945ರವರೆಗೆ ಅಸ್ಸಾಂನಿಂದ ಚೀನಾದ ಕುನ್‌ಮಿಂಗ್‌ಗೆ ಅಮೆರಿಕದ ವಿಮಾನಗಳು ಹಿಮಾಲಯ ದಾಟಿ ಸಾಮಾನು ಸಾಗಿಸುತ್ತಿದ್ದವು. ‘ಹಂಪ್’ ಅಂತ ಆ ದಾರಿಗೆ ಹೆಸರು. ನೂರಾರು ವಿಮಾನ ಆ ಬೆಟ್ಟಗಳಲ್ಲಿ ಬಿದ್ದವು. 1944ರ ಜನವರಿ 25ರಂದು ಎಂಟು ಜನರಿದ್ದ ಒಂದು ಬಿ-24 ಬಾಂಬರ್ ಹೀಗೇ ಮಾಯವಾಯಿತು. 2006ರಲ್ಲಿ ಅದರ ಅವಶೇಷ ಅರುಣಾಚಲದ ಬೆಟ್ಟದಲ್ಲಿ ಪತ್ತೆಯಾಯಿತು. ಅಮೆರಿಕದ ತಂಡ ಬಂದು ಅಗೆಯುವ ಹೊತ್ತಿಗೆ 2015. ಮರುವರ್ಷ ದೆಹಲಿಯಿಂದ ಗೌರವದೊಂದಿಗೆ ಅಸ್ಥಿ ಕಳಿಸಿಕೊಟ್ಟರು. ಪರೀಕ್ಷೆಯಲ್ಲಿ ಒಬ್ಬರ ಗುರುತು ಸಿಕ್ಕಿತು. 2017ರಲ್ಲಿ ಜಾರ್ಜಿಯಾದ ತಮ್ಮ ಸಣ್ಣ ಊರಿನಲ್ಲಿ ಅವರು ಮಣ್ಣು ಸೇರಿದರು, 73 ವರ್ಷದ ಮೇಲೆ. ಅಂಥ ಕೆಲಸದಲ್ಲಿ ಲೋಹದ ತುಂಡಿನ ಮೇಲಿನ ನಂಬರ್ ಒಂದು ದೊಡ್ಡ ಸುಳಿವು. ಯಾವ ವಿಮಾನ ಎಂದು ತಿಳಿದರೆ ಯಾರು ಯಾರು ಇದ್ದರು ಎಂದು ತಿಳಿಯುತ್ತದೆ. ತುಂಡು ಮಂಡ್ಯದ ಷೋಕೇಸಿನಲ್ಲಿದ್ದರೆ ಬೆಟ್ಟದಲ್ಲಿ ಹುಡುಕುವವರಿಗೆ ಆ ಸುಳಿವು ಇಲ್ಲ.

ಹುಡುಗ ಗೊತ್ತಿಲ್ಲದೆ ತಂದಿದ್ದಾನೆ, ಬೈಯಬೇಡಿ. ಎಲ್ಲಿ ಎತ್ತಿಕೊಂಡ, ಹತ್ತಿರದ ಹಳ್ಳಿ ಯಾವುದು, ಸುತ್ತ ಇನ್ನೇನಿತ್ತು, ಎಲ್ಲ ನೆನಪಿರುವಾಗಲೇ ಬರೆಸಿ. ಫೋನಿನಲ್ಲಿ ತೆಗೆದ ಫೋಟೊಗಳಿದ್ದರೆ ಒಂದನ್ನೂ ಅಳಿಸಬಾರದು. ಅರುಣಾಚಲದ ಪಾಸಿಘಾಟ್‌ನಲ್ಲಿ 2023ರಲ್ಲಿ ‘ಹಂಪ್’ ವಸ್ತುಸಂಗ್ರಹಾಲಯ ತೆರೆದಿದ್ದಾರೆ. ಅವರಿಗೂ ತುಂಡು ಸಿಕ್ಕ ಜಿಲ್ಲೆಯ ಡಿಸಿ ಕಚೇರಿಗೂ ವಿವರ ಕಳಿಸಿ, ತುಂಡನ್ನು ಹೇಗೆ ಮರಳಿಸಬೇಕು ಎಂದು ಕೇಳಿ. ಅಲ್ಲಿಯವರೆಗೆ ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ, ಮಣ್ಣು ಅಂಟಿದ್ದರೆ ಅದನ್ನೂ ತೆಗೆಯಬೇಡಿ. ಒಂದು ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ಎತ್ತರದ ಜಾಗದಲ್ಲಿ ಇಡಿ.